ಕಿವಿ ಹಿಡಿದ ಹೆಂಗಸು

ಇಂಗ್ಲೆಂಡ್
11 ಅಕ್ಟೋಬರ್ 1998

ಲಿಂಗು,

ನಿನ್ನ ಪತ್ರ ಓದಿದೆ. ನಿನ್ನ ಹೆಂಡತಿ ಹರ್ಷಿಣಿಯ ಆಫೀಸು ಲಾಸ್ ಕೊಲಿನಾಸಿನಲ್ಲಿ ಹನ್ನೊಂದನೆಯ ಮಹಡಿ, ಅವಳ ಕಾರು ನೀಲಿ, ಕ್ಯಾರಲ್ಟನ್ನಿನ ಅಂಗಡಿಯಲ್ಲಿ ಗೋರಿಕಾಯಿ ಸಿಗುತ್ತದೆ. ಸಂತೋಷ. ನೀನು ಏನು ಕೆತ್ತುತ್ತಿದ್ದೀಯ ಎಂದು ಮಾತ್ರ ಒಂದು ಸಾಲೂ ಇಲ್ಲ. ಮೈಸೂರಿನಲ್ಲಿ ಅಕ್ಕ ತಮ್ಮ ಇಬ್ಬರೂ ಒಂದೇ ಶೆಡ್ಡಿನಲ್ಲಿ ಉಳಿ ಹಿಡಿದವರು. ಒಳ್ಳೆಯ ಕೈ ನಿನ್ನದೆಂದು ಮೇಷ್ಟರು ಹೇಳಿದಾಗ ನಾನು ಹೊಟ್ಟೆ ಉರಿದುಕೊಂಡೇ ಒಪ್ಪಿದ್ದೆ.

ಇಲ್ಲಿ ನನ್ನ ಕೈ ಪಾರಿವಾಳದ ಹಿಕ್ಕೆ ಕೆರೆಯುತ್ತಿದೆ. ಕೆಥೆಡ್ರಲ್‌ನಂಥ ದೊಡ್ಡ ಚರ್ಚು ಎಂದರೆ ಬಣ್ಣದ ಗಾಜು, ಹಾಡು, ಮೋಂಬತ್ತಿ ಎಂದುಕೊಂಡವರು ಒಮ್ಮೆ ನನ್ನ ಅಟ್ಟಣಿಗೆ ಹತ್ತಬೇಕು. ಎಂಟುನೂರು ವರ್ಷದ ಸುಣ್ಣಕಲ್ಲಿನ ಮೇಲೆ ಇನ್ನೂರು ವರ್ಷದ ಕಲ್ಲಿದ್ದಲ ಹೊಗೆ ಹೆಪ್ಪುಗಟ್ಟಿ ಹುಣ್ಣಿನ ಹಕ್ಕಳೆಯಂತಾಗಿದೆ. ಸುಣ್ಣದ ಬಿಸಿ ಲೇಪ ಮೆತ್ತಿ, ಗೋಣಿ ಸುತ್ತಿ, ವಾರಗಟ್ಟಲೆ ತೇವವಿಟ್ಟು, ಆಮೇಲೆ ಕಡ್ಡಿಯಿಂದ ಎಬ್ಬಿಸಬೇಕು. ಆ ವಾಸನೆ ಊಟದ ಡಬ್ಬಿಯೊಳಗೂ ಬರುತ್ತದೆ. ಒಳಗೆ ಹೋದರೆ ಇನ್ನೊಂದು ಹೊಲಸು. ಹಳೆಯ ಕಾಲದ ಸನ್ಯಾಸಿಗಳು ಹಾಡುವಾಗ ಒರಗುತ್ತಿದ್ದ ಮಡಚುವ ಆಸನಗಳಿವೆ. ಅವುಗಳ ಅಡಿಯಲ್ಲಿ ಬಡಗಿಗಳು ಕೊಳಲೂದುವ ಹಂದಿ, ಗಂಡನಿಗೆ ಸೌಟಿನಲ್ಲಿ ಬಾರಿಸುವ ಹೆಂಡತಿ, ಇಂಥವನ್ನೆಲ್ಲ ಕೆತ್ತಿದ್ದಾರೆ. ನೋಡಲು ಬಂದವರು ಅದೇ ಹಂದಿಯ ಕಿವಿಯೊಳಗೆ ಚೂಯಿಂಗ್ ಗಮ್ ಅಂಟಿಸಿ ಹೋಗುತ್ತಾರೆ. ಹಲ್ಲಿನ ಗುರುತು ಸಮೇತ.

ಈಗ ಒಂದು ಒಳ್ಳೆಯ ಸುದ್ದಿ. ತೆಂಕಣ ಗೋಡೆಯ ಮೇಲೆ, ಸೂರಿನ ಭಾರ ಹೊರುವುದಕ್ಕೆ ಹೊರಚಾಚಿದ ಕಲ್ಲುಗಳ ಸಾಲಿದೆ. ಒಂದೊಂದು ಕಲ್ಲೂ ಒಂದೊಂದು ಮುಖ. ರಾಜರಲ್ಲ, ಬಿಷಪ್ಪರಲ್ಲ, ಊರಿನ ಸಾಮಾನ್ಯ ಜನ. ಸುಮಾರು 1240ರ ಕೆಲಸ. ಅದರಲ್ಲಿ ಒಬ್ಬಳು ಕಿವಿನೋವಿನ ಹೆಂಗಸು: ತಲೆಗೆ ಬಟ್ಟೆ ಸುತ್ತಿ, ಅಂಗೈಯಿಂದ ಕಿವಿ ಒತ್ತಿ, ಬಾಯಿ ಒಂದಿಷ್ಟೇ ತೆರೆದಿದ್ದಾಳೆ. ಚಿತ್ರ ಬರೆದು ಕಳಿಸಿದ್ದೇನೆ. ಆ ಕಲ್ಲು ಸತ್ತಿದೆ ಲಿಂಗು, ಮುಟ್ಟಿದರೆ ಮರಳು. ಇಳಿಸಿ ಹೊಸದನ್ನು ಇಡಬೇಕು. ಆ ಹೊಸದನ್ನು ಕೆತ್ತುವವಳು ನಾನೇ ಆಗಬಹುದು.

ನಿನ್ನ ಅಕ್ಕ
ಪದ್ಮಿನಿ


ಕ್ಯಾರಲ್ಟನ್, ಟೆಕ್ಸಸ್
20 ಡಿಸೆಂಬರ್ 1998

ಅಕ್ಕ,

ನಿನ್ನ ಹೆಂಗಸನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಹಾಲು ತೆಗೆಯುವಾಗಲೆಲ್ಲ ಅವಳ ದರ್ಶನ.

ನಾನು ಏನೂ ಕೆತ್ತುತ್ತಿಲ್ಲ. ಹೆಂಡತಿಯ ಜೊತೆ ಬಂದವನು ಇಲ್ಲಿ ಕೆಲಸ ಮಾಡುವಂತಿಲ್ಲ, ನನ್ನ ವೀಸಾದ ಕಟ್ಟಳೆ ಅದು. ಕನ್ನಡದವರ ಮನೆಗೆ ಊಟಕ್ಕೆ ಹೋದರೆ ಮೊದಲ ಪ್ರಶ್ನೆಯೇ "ಯಾವ ಟೆಕ್ನಾಲಜಿ?" ಎಂದು. ನಾನು "ಕಲ್ಲು" ಎಂದೆ. ಆತ ಸ್ವಲ್ಪ ಯೋಚಿಸಿ, "ಓ, ಪ್ರಾಜೆಕ್ಟ್ ಇಲ್ದೆ ಬೆಂಚ್ ಮೇಲಿದೀರಾ? ಪರವಾಗಿಲ್ಲ ಬಿಡಿ, ಮಾರ್ಕೆಟ್ ಚೆನ್ನಾಗಿದೆ" ಎಂದ.

ಕಲ್ಲು ಎಂಬ ಮಾತನ್ನು ಈ ಊರಲ್ಲಿ ಆಡುವುದೇ ತಪ್ಪು. ಹೋದ ವಾರ ಹರ್ಷಿಣಿಯ ಗೆಳತಿ ಲಿಟಲ್ ಎಲ್ಮ್‌ನಲ್ಲಿ ಮನೆ ನೋಡಲು ಕರೆದೊಯ್ದಳು. ಒಂದೇ ಅಚ್ಚಿನ ನೂರು ಮನೆ. ಎದುರುಗಡೆ ಮಾತ್ರ ಕಲ್ಲಿನ ಗೋಡೆ. ಬೆರಳಿಂದ ತಟ್ಟಿದೆ, ಡಬ್ಬಿಯ ಸದ್ದು. ಒಂದಂಗುಲ ದಪ್ಪದ ಚಿಪ್ಪನ್ನು ಹಲಗೆಗೆ ಅಂಟಿಸಿದ್ದಾರೆ. ಬದಿಯಲ್ಲಿ ಅಂಟು ಇಳಿದು ಸುಂಬಳದ ಹಾಗೆ ಒಣಗಿತ್ತು.

ರಾಜ್ಯೋತ್ಸವಕ್ಕೆ ಹ್ಯೂಸ್ಟನ್ನಿಗೆ ಹೋಗಿದ್ದೆವು. ಅಲ್ಲಿ ಡಾಕ್ಟರ್ ಸೂರ್ಯನಾರಾಯಣ ಎಂಬವರ ಪರಿಚಯವಾಯಿತು. ಹೃದಯದ ಡಾಕ್ಟರು, ಅಲ್ಲಿನ ಕನ್ನಡಿಗರಿಗೆಲ್ಲ ದೊಡ್ಡಣ್ಣ. ಆಸ್ಟಿನ್ನಿನ ವಿಶ್ವವಿದ್ಯಾಲಯದಲ್ಲಿ ಶಿಲ್ಪ ಕಲಿಸುವ ಪ್ರೊಫೆಸರು ಅವರ ರೋಗಿಯಂತೆ. "ನಾನೊಂದು ಕಾಗದ ಕೊಟ್ರೆ ನಿನ್ ಸೀಟ್ ಆಯ್ತು ಅಂತಲೇ ತಿಳ್ಕೋ" ಎಂದರು. ಓದಲು ಸೇರಿದರೆ ವೀಸಾ ಬದಲಾಗುತ್ತದೆ, ಮತ್ತೆ ಉಳಿ ಹಿಡಿಯಬಹುದು. ಅವರು ಮನೆ ದೊಡ್ಡದು ಮಾಡಿಸುತ್ತಿದ್ದಾರಂತೆ. ಏನೋ ಕಲ್ಲಿನ ಸಲಹೆ ಬೇಕಾದರೆ ಕರೆಯುತ್ತಾರಂತೆ.

ಲಿಂಗರಾಜು


ಇಂಗ್ಲೆಂಡ್
25 ಏಪ್ರಿಲ್ 1999

ಲಿಂಗು,

ನನ್ನ ಹೆಂಗಸು ಗೋಡೆ ಏರಿದಳು!

ಮೊನ್ನೆ ಮಂಗಳವಾರ ಕೆಥೆಡ್ರಲ್ ಸಮಿತಿಯವರೆಲ್ಲ ಕೊಡೆ ಹಿಡಿದು ಕೆಳಗೆ ನಿಂತಿದ್ದರು. ಹೆಡ್ ಮೇಸ್ತ್ರಿ ಸರಪಳಿ ಎಳೆದ, ನಾನು ಮೇಲೆ ಗಾರೆ ಹಾಕಿದೆ. ಈ ಕಟ್ಟಡ ಶುರುವಾದದ್ದು 1180ರ ಸುಮಾರಿಗೆ. ಆಗಿನಿಂದ ಎಷ್ಟೋ ತಲೆಮಾರಿನ ಕಲ್ಲುಕುಟಿಗರು ತಮ್ಮ ತಮ್ಮ ಗುರುತನ್ನು ಕಲ್ಲಿನ ಕಾಣದ ಬದಿಯಲ್ಲಿ ಕೊರೆದು ಹೋಗಿದ್ದಾರೆ. ಬಾಣ, ಶಿಲುಬೆ, ಮೀನಿನ ಬಾಲ. ಅವರ ಸಾಲಿನಲ್ಲಿ ಈಗ ಒಂದು "ಪ" ಇದೆ, ಕನ್ನಡದ "ಪ". ಹೆಂಗಸಿಗೆ ಕೊಟ್ಟ ಮೂಗು ಅಮ್ಮನದು. ಯಾರಿಗೂ ಹೇಳಬೇಡ.

ಹನ್ನೆರಡು ವರ್ಷ ಬೇರೆಯವರು ಕೆತ್ತಿದ್ದನ್ನು ತೊಳೆದೆ. ಇನ್ನು ನನ್ನದೊಂದು ಇಲ್ಲಿ ಉಳಿಯುತ್ತದೆ. ಹಳೆಯವಳು ಉಗ್ರಾಣದಲ್ಲಿ ನೆಮ್ಮದಿಯಾಗಿದ್ದಾಳೆ.

ಆಸ್ಟಿನ್ನಿನ ವಿಷಯ ಏನಾಯಿತು?

ಪದ್ಮಿನಿ


ಕ್ಯಾರಲ್ಟನ್
15 ಆಗಸ್ಟ್ 1999

ಅಕ್ಕ,

ಇದನ್ನು ಹೇಗೆ ಬರೆಯಲಿ? ಎರಡು ಸಲ ಬರೆದು ಹರಿದೆ.

ನಿನ್ನೆ ಡಾಕ್ಟರ ಮನೆಯಲ್ಲಿ ಗೃಹಪ್ರವೇಶದ ಊಟ. ಊಟವಾದ ಮೇಲೆ ಎಲ್ಲರನ್ನೂ ಮಹಡಿಗೆ ಕರೆದೊಯ್ದು ಬಾತ್‌ರೂಮ್ ತೋರಿಸಿದರು. ನಮ್ಮ ಅಪಾರ್ಟ್‌ಮೆಂಟಿಗಿಂತ ದೊಡ್ಡದು. ಚಿನ್ನದ ಬಣ್ಣದ ನಲ್ಲಿಗಳು, ಗುಲಾಬಿ ವಾಸನೆಯ ಮೋಂಬತ್ತಿ, ನಡುವೆ ಎಂಟು ಜನ ಕೂರುವ ಜಕೂಜಿ. ಅದರ ಮೇಲಿನ ಗೋಡೆಯಲ್ಲಿ ಅವಳು, ನಿನ್ನ ಕಿವಿನೋವಿನ ಹೆಂಗಸು.

ಯಾರೋ ಕಟುಕ ಅವಳ ಬಾಯಿಗೆ ತೂತು ಕೊರೆದು ಪೈಪು ತೂರಿಸಿದ್ದಾನೆ. ಡಾಕ್ಟರು ಗುಂಡಿ ಒತ್ತಿದರೆ ಬಾಯಿಂದ ಕ್ಲೋರಿನ್ ನೀರು. ಮೊದಲು ಬಿಕ್ಕಿ ಬಿಕ್ಕಿ, ಆಮೇಲೆ ಧಾರೆಯಾಗಿ, ವಾಂತಿ ಮಾಡಿಕೊಳ್ಳುವವಳ ಹಾಗೆ. ಗಲ್ಲದ ಕೆಳಗೆ ಆಗಲೇ ಹಸಿರು ಲೋಳೆ ಕಟ್ಟಿದೆ.

"ಹೇಗಿದೆ? ಇಂಗ್ಲೆಂಡ್ ಮಾಲು. ಏಳ್ನೂರೈವತ್ತು ವರ್ಷ ಹಳೇದು. ಡಾಲಸ್ಸಲ್ಲಿ ಒಬ್ಬ ಡೀಲರ್ ಹತ್ರ ಸಿಕ್ತು. ಪೇಪರ್ಸ್ ಎಲ್ಲ ಪಕ್ಕಾ ಇದೆ" ಎಂದರು ಡಾಕ್ಟರು.

ಅವರ ಹೆಂಡತಿ ನಾಗಮಣಿ ಆಂಟಿ, "ಮೊದ್ಲು ನಂಗೂ ಒಂಥರಾ ಅನ್ನಿಸ್ತು. ಈಗ ಅಡ್ಜಸ್ಟ್ ಆಗಿದೀನಿ" ಎಂದು ನಕ್ಕರು.

ಬಂದವರಲ್ಲೊಬ್ಬ ಫೋಟೋ ತೆಗೆಸಿಕೊಳ್ಳಲು ಅವಳ ತಲೆಯ ಮೇಲೆ ಬಿಯರ್ ಕ್ಯಾನ್ ಇಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

ಉಗ್ರಾಣಕ್ಕೆ ಹೋಗಿ ನೋಡು. ಅವಳು ಅಲ್ಲಿಲ್ಲ.

ಲಿಂಗರಾಜು


ಇಂಗ್ಲೆಂಡ್
3 ಸೆಪ್ಟೆಂಬರ್ 1999

ಲಿಂಗು,

ಅದು ನಮ್ಮದಲ್ಲ. ಅಚ್ಚು ಹೊಯ್ದ ನಕಲು ಇರಬೇಕು, ಅಂಥವು ಎಲ್ಲ ಕಡೆ ಸಿಗುತ್ತವೆ. ಕಿವಿ, ಹಲ್ಲು ಹಿಡಿದ ಮುಖಗಳು ಹತ್ತಾರು ಇಗರ್ಜಿಗಳಲ್ಲಿವೆ. ನೀನು ಒಂದು ಚಿತ್ರ ನೋಡಿ ಏನೇನೋ ಕಲ್ಪಿಸಬೇಡ. ನಿನಗೆ ಆ ಡಾಕ್ಟರಿಂದ ಕೆಲಸ ಆಗಬೇಕಿದೆ, ಸುಮ್ಮನೆ ಜಗಳ ಕಾಯಬೇಡ.

ಇಲ್ಲಿ ಮಳೆ.

ಪ


ಕ್ಯಾರಲ್ಟನ್
7 ನವೆಂಬರ್ 1999

ಅಕ್ಕ,

"ಇಲ್ಲಿ ಮಳೆ" ಎಂದು ಬರೆಯುವವಳಲ್ಲ ನೀನು.

ಅದು ಅಚ್ಚಲ್ಲ. ಮೇಲ್ಬದಿಯಲ್ಲಿ ಎರಡು ಗೆರೆಯ ಬಾಣದ ಗುರುತಿದೆ. ಎತ್ತುವ ಕೊಂಡಿಗೆಂದು ತೋಡಿದ ಹಳೆಯ ಕುಳಿ ಇದೆ, ಕುಳಿಯೊಳಗೆ ಸೀಸದ ಚೂರು ಇದೆ. ಎಡಗಣ್ಣಿನ ರೆಪ್ಪೆಯ ಪಕ್ಕ ಸಾಸಿವೆಯಷ್ಟು ಕೆಂಪು ಬಣ್ಣ ಉಳಿದಿದೆ. ನಿನ್ನ ಚಿತ್ರದಲ್ಲಿ ಅಲ್ಲೇ ಒಂದು ಚುಕ್ಕಿ ಇಟ್ಟು "ಕೆಂಪು" ಎಂದು ಬರೆದಿದ್ದೀಯ.

ಇನ್ನೊಂದು ಮಾತು. ಆ ಕಲ್ಲು ಸತ್ತಿಲ್ಲ. ಒಳಗಿನವರೆಗೂ ಗಟ್ಟಿ. ಗಂಟೆಯ ಹಾಗೆ ಗಟ್ಟಿ.

ನಿಮ್ಮ ಮೇಸ್ತ್ರಿಯೋ ಸಮಿತಿಯವರೋ ಯಾರೋ ಕಳ್ಳರಿದ್ದಾರೆ. ದೇವರ ಮನೆಯ ಗೋಡೆ ಕಿತ್ತು ಸ್ನಾನದ ಮನೆಗೆ ಮಾರುವ ಜನ. ನೆನೆದರೆ ಮೈ ತೊಳೆದುಕೊಳ್ಳಬೇಕು ಎನಿಸುತ್ತದೆ. ಅವರ ಹೆಸರು ಬರೆದು ಕಳಿಸು.

ಲಿಂಗರಾಜು


ಇಂಗ್ಲೆಂಡ್
19 ಮಾರ್ಚ್ 2000

ಲಿಂಗು,

ನಾಲ್ಕು ತಿಂಗಳು ಸುಮ್ಮನಿದ್ದೆ. ನಿನ್ನ ಪತ್ರ ಉಳಿಗಳ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ತೆಗೆಯಬೇಕಾಗುತ್ತದೆಂದು ಕೆಲಸಕ್ಕೆ ರಜೆ ಹಾಕಿದ ದಿನಗಳೂ ಇವೆ.

ಹೆಸರು ಕೇಳಿದೆಯಲ್ಲ. ಮೊದಲ ಹೆಸರು ನನ್ನದು.

ಇಳಿಸುವ ಮೊದಲೇ, ಅಟ್ಟಣಿಗೆಯ ಮೇಲೆ ಅವಳ ಹಕ್ಕಳೆ ಎಬ್ಬಿಸಿದಾಗ ಕೆಳಗೆ ಕೆನ್ನೆ ನಿನ್ನೆ ಕೆತ್ತಿದ ಹಾಗಿತ್ತು. ಈ ಕಟ್ಟಡಕ್ಕೆ ಒಂದು ಕಾಲದಲ್ಲಿ ಒಳಗೂ ಹೊರಗೂ ಬಣ್ಣವಿತ್ತು ಎಂದು ಪುಸ್ತಕದಲ್ಲಿ ಓದುತ್ತೇವೆ. ಆ ಬಣ್ಣ ಅವಳ ರೆಪ್ಪೆಯ ಪಕ್ಕ ಇನ್ನೂ ಇತ್ತು. ತೊಳೆದು, ಕುತ್ತಿಗೆಯ ಬಳಿ ಒಂದು ಬಿರುಕು ತುಂಬಿ, ಇದ್ದ ಜಾಗದಲ್ಲೇ ಬಿಟ್ಟಿದ್ದರೆ ಇನ್ನೂ ಮುನ್ನೂರು ವರ್ಷ ಇರುತ್ತಿದ್ದಳು. ಹಾಗೆ ಬರೆದಿದ್ದರೆ ಹೊಸದು ಕೆತ್ತುವ ಪ್ರಶ್ನೆಯೇ ಏಳುತ್ತಿರಲಿಲ್ಲ. ನಾನು ವರದಿಯಲ್ಲಿ "ಉಳಿಸಲು ಸಾಧ್ಯವಿಲ್ಲ" ಎಂದು ಬರೆದೆ. ನಿನಗೆ ಬರೆದ ಪತ್ರದಲ್ಲೂ ಅದನ್ನೇ ಅಭ್ಯಾಸ ಮಾಡಿದ್ದೆ.

ಮೇಸ್ತ್ರಿ ವರದಿ ಓದಿದ. ಕಲ್ಲನ್ನು ನೋಡಿದ, ನನ್ನನ್ನು ನೋಡಿದ. "ಹಾಗಾದರೆ ಇದು ಕಸ. ಸಾಗಿಸುವ ವ್ಯವಸ್ಥೆ ನಾನು ಮಾಡುತ್ತೇನೆ" ಎಂದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅವನೂ ನಾನು ಯಾಕೆ ಸುಳ್ಳು ಬರೆದೆ ಎಂದು ಕೇಳಲಿಲ್ಲ. ಇಬ್ಬರೂ ಒಂದೇ ತಟ್ಟೆಯಲ್ಲಿ ಹೇಸಿಗೆ ತಿಂದು ಬಾಯಿ ಒರೆಸಿಕೊಂಡೆವು. ಅವಳು ಉಗ್ರಾಣದಲ್ಲಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು.

ಒಂದೇ ಒಂದು ಅರ್ಥವಾಗಿಲ್ಲ. ಕಲ್ಲು ಒಳಗಿನವರೆಗೂ ಗಟ್ಟಿ ಎಂದು ಬರೆದಿದ್ದೀಯ. ಮೇಲಿನಿಂದ ನೋಡಿ ಯಾವ ಕಲ್ಲುಕುಟಿಗನೂ ಹಾಗೆ ಹೇಳಲಾರ. ನಿನಗೆ ಹೇಗೆ ತಿಳಿಯಿತು?

ಪದ್ಮಿನಿ


ಕ್ಯಾರಲ್ಟನ್
9 ಏಪ್ರಿಲ್ 2000

ಅಕ್ಕ,

ಕೊರೆದವನು ನಾನು.

ಹೋದ ವರ್ಷ ಜೂನಿನ ಒಂದು ಶನಿವಾರ ಡಾಕ್ಟರು ಫೋನ್ ಮಾಡಿದರು. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ಪೆಟ್ಟಿಗೆ ತೆರೆದು ಹುಲ್ಲು ಸರಿಸಿದ ಕೂಡಲೇ ಗುರುತು ಹಿಡಿದೆ. ಎಂಟು ತಿಂಗಳು ಫ್ರಿಜ್ಜಿನ ಮೇಲೆ ನೋಡಿದ ಮುಖ ಅದು.

"ಬಾಯಿ ಹೆಂಗೂ ತೆರೆದಿದೆ, ಸ್ವಲ್ಪ ದೊಡ್ಡದ್ ಮಾಡಿ ಪೈಪ್ ಕೂರಿಸ್ಬಿಡು. ಇಲ್ಲಿನ ಪ್ಲಂಬರ್‌ಗೆ ಕೊಟ್ರೆ ಒಡೆದ್ಹಾಕ್ತಾನೆ. ನಿನ್ ಕೈ ಒಳ್ಳೇದು ಅಂತ ಕೇಳಿದೀನಿ" ಎಂದರು.

ನಿನ್ನ ಕೈ ಒಳ್ಳೆಯದು. ಆ ಮಾತು ಕೇಳಿ ಎರಡು ವರ್ಷವಾಗಿತ್ತು.

ಸತ್ತ ಕಲ್ಲು ಎಂದು ನೀನು ಬರೆದಿದ್ದೆ. ಸತ್ತದ್ದನ್ನು ಕೊರೆದರೆ ಏನು ಪಾಪ ಎಂದುಕೊಂಡು ಅರ್ಧ ಇಂಚಿನ ಬಿಟ್ ಹಾಕಿದೆ. ಪುಡಿಯಾಗಬೇಕಿತ್ತು. ಅದು ಚೀರಿತು. ಒಂದು ಬಿಟ್ ಮುರಿಯಿತು, ಇನ್ನೊಂದು ಹಾಕಿದೆ. ಕೆನೆಬಣ್ಣದ ತಾಜಾ ಹಿಟ್ಟು ನನ್ನ ಮೂಗಿಗೆ, ನಾಲಿಗೆಗೆ ಬಂತು. ಒಳಗೆ ಹೋದಷ್ಟೂ ನೀನು ಸುಳ್ಳು ಹೇಳಿದ್ದೀಯ ಎಂದು ಕೈಗೆ ತಿಳಿಯುತ್ತಾ ಹೋಯಿತು. ಆಗಲಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮೂರು ಗಂಟೆ ಕೊರೆದೆ. ಅವರು ಅಲ್ಲೇ ಕೂತು ಆಸ್ಟಿನ್ನಿಗೆ ಕಾಗದ ಬರೆದು ಕೊಟ್ಟರು. ನಾಗಮಣಿ ಆಂಟಿ ಬಿಸಿಬೇಳೆ ಭಾತ್ ಬಡಿಸಿದರು. ಎರಡು ಸಲ ಹಾಕಿಸಿಕೊಂಡೆ.

ಆಗಸ್ಟಿನಲ್ಲಿ ಬರೆದೆನಲ್ಲ, ಯಾರೋ ಕಟುಕ ಎಂದು. ಬರೆಯುವಾಗ ನಿಜಕ್ಕೂ ಬೇರೆ ಯಾರನ್ನೋ ಬೈಯುತ್ತಿದ್ದೇನೆ ಎನಿಸಿತ್ತು.

ಲಿಂಗರಾಜು


ಇಂಗ್ಲೆಂಡ್
14 ಮೇ 2000

ಲಿಂಗು,

ನಿನ್ನ ಪತ್ರವನ್ನು ಮೂರು ದಿನ ದ್ವೇಷಿಸಿದೆ. ಆಮೇಲೆ ದ್ವೇಷಿಸಲು ನನಗೇನು ಹಕ್ಕಿದೆ ಎನಿಸಿತು.

ಡೀನ್ ಅವರ ಬಳಿ ಹೋದೆ. ಕೆಥೆಡ್ರಲಿನ ಹಿರಿಯ ಪಾದ್ರಿ ಅವರು, ಮುದುಕರು. ಕಾಗದಗಳನ್ನೆಲ್ಲ ಮೇಜಿನ ಮೇಲಿಟ್ಟು ಹೇಳಿದೆ. ಅವರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ನಾನು ಕುಡಿದಿಟ್ಟ ಚಹಾದ ಬಟ್ಟಲನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಮೇಲೆ, ದೂರ ಇಟ್ಟರು.

ಮೇಸ್ತ್ರಿಯ ಮೇಲೆ ಪೊಲೀಸು. ನನಗೆ ಕಲ್ಲುಕೆಲಸದ ಅಂಗಳಕ್ಕೆ ಪ್ರವೇಶವಿಲ್ಲ. ನಾನು ಕೆತ್ತಿದ್ದನ್ನು ತೆಗೆದು ಒಡೆದುಹಾಕಿ ಎಂದು ಬೇಡಿದೆ. ತೆಗೆದರೆ ಸೂರಿಗೆ ಅಪಾಯ, ಇರಲಿ ಎಂದರು. ಹಾಗಾಗಿ ಅಮ್ಮನ ಮೂಗು ಮೇಲೆಯೇ ಇದೆ. ನಾನು ಆ ಬೀದಿಯನ್ನು ಬಿಟ್ಟು ಸುತ್ತಿ ಹೋಗುತ್ತೇನೆ.

ಅವರ ವಕೀಲರು ಡಾಕ್ಟರಿಗೆ ಬರೆಯುತ್ತಾರೆ. ನಿನ್ನ ವಿಷಯ ನಾನು ಹೇಳಿಲ್ಲ.

ಪದ್ಮಿನಿ


ಕ್ಯಾರಲ್ಟನ್
24 ಸೆಪ್ಟೆಂಬರ್ 2000

ಅಕ್ಕ,

ನಿನ್ನ ಹೆಸರಿದ್ದ ವಕೀಲರ ಕಾಗದ ತಲುಪಿ ತಿಂಗಳಾದ ಮೇಲೆ ಡಾಕ್ಟರು ಕರೆಸಿದರು; ನೀನು ನನ್ನ ಅಕ್ಕ ಎಂದು ಅವರಿಗೆ ಗೊತ್ತಿತ್ತು. ಹರ್ಷಿಣಿಗೆ ಅಲ್ಲಿಯವರೆಗೂ ಏನೂ ಹೇಳಿರಲಿಲ್ಲ. ಕಾರಿನಲ್ಲಿ ಹೇಳಿದೆ. "ನಿಮ್ ಅಕ್ಕ ತಮ್ಮನ ಕಲ್ಲಿಗೆ ನನ್ ವೀಸಾ ಬಲಿನಾ?" ಎಂದಳು.

"ನನ್ ವಿರುದ್ಧ ಅಕ್ಕನ ಕೈಲಿ ಬರೆಸಿದೀಯ? ನೀನು ಇಲ್ಲಿ ಕೆಲಸ ಮಾಡಿದ್ದೇ ಅಪರಾಧ. ಒಂದು ಫೋನ್ ಮಾಡಿದ್ರೆ ಗಂಡ ಹೆಂಡ್ತಿ ಇಬ್ರೂ ಮೈಸೂರಲ್ಲಿರ್ತೀರಿ" ಎಂದರು ಡಾಕ್ಟರು.

"ಮಾಡಿ ಸರ್" ಎಂದೆ.

ಆಗ ನಾಗಮಣಿ ಆಂಟಿ ಸೋಫಾದಿಂದ ಎದ್ದರು. "ಯಾರೂ ಯಾರಿಗೂ ಫೋನ್ ಮಾಡೋದ್ ಬೇಡ. ತೆಗೀರಿ ಅದನ್ನ. ಒಂದ್ ತಿಂಗಳಿಂದ ನಾನು ಕೆಳಗಿನ ಬಾತ್‌ರೂಮಲ್ಲಿ ಸ್ನಾನ ಮಾಡ್ತಿದೀನಿ. ಕದ್ದ ಹೆಂಗಸಿನ ಬಾಯಿ ನೀರು ಮೈಮೇಲೆ ಹುಯ್ಕೊಂಡಿದೀನಿ ಅಂದ್ರೆ ಅಸಹ್ಯ ಆಗತ್ತೆ ನಂಗೆ" ಎಂದರು.

ತೆಗೆದವನು ನಾನೇ. ಹಿಂದುಗಡೆ ಕಪ್ಪು ಬೂಷ್ಟು ಅಂಗೈ ದಪ್ಪ ಬೆಳೆದಿತ್ತು. ಚರಂಡಿಯ ವಾಸನೆ. ಪೈಪು ಎಳೆದಾಗ ತುಟಿಯ ಇನ್ನೊಂದು ಚೂರು ಎದ್ದು ಬಂತು. ಹರ್ಷಿಣಿ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ತಾನಾಗಿಯೇ ಬಂದು ಇನ್ನೊಂದು ಬದಿ ಹಿಡಿದಳು. ಚೂರನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದೇವೆ.

ಈ ತಿಂಗಳ ಕನ್ನಡ ಸಂಘದ ಪತ್ರಿಕೆಯಲ್ಲಿ ಡಾಕ್ಟರ ಫೋಟೋ ಬಂದಿದೆ: "ಇಂಗ್ಲೆಂಡಿನ ಪುರಾತನ ಕೆಥೆಡ್ರಲಿಗೆ ಹ್ಯೂಸ್ಟನ್ ಕನ್ನಡಿಗರ ಅಮೂಲ್ಯ ಕೊಡುಗೆ". ಶಾಲು ಹೊದಿಸಿದ್ದಾರೆ. ಪತ್ರಿಕೆಯನ್ನು ಕಸಕ್ಕೆ ಹಾಕಿ ಕೈ ತೊಳೆದೆ.

ಆಸ್ಟಿನ್ನಿಗೆ ಬರೆದು ಅವರ ಶಿಫಾರಸು ವಾಪಸು ಪಡೆದೆ. ಸೀಟು ಸಿಗಲಿಲ್ಲ.

ಲಿಂಗರಾಜು


ಇಂಗ್ಲೆಂಡ್
17 ಜೂನ್ 2001

ಲಿಂಗು,

ಈಗ ನಾನು ಗೋರಿಕಲ್ಲಿನ ಅಂಗಡಿಯಲ್ಲಿ ಅಕ್ಷರ ಕೊರೆಯುತ್ತೇನೆ. ಸತ್ತವರ ಹೆಸರು, ಹುಟ್ಟಿದ ದಿನ, ಹೋದ ದಿನ.

ಅವಳನ್ನು ಕೆಥೆಡ್ರಲಿನ ಹಳೆಯ ಸಭಾಮಂದಿರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆಂದು ಕೇಳಿ ಹೋದ ಭಾನುವಾರ ನೋಡಲು ಹೋದೆ. ಟಿಕೆಟ್ಟು ತೆಗೆದುಕೊಂಡು, ಎಲ್ಲರ ಹಾಗೆ. ನಡುವಿನ ಒಂದೇ ಕಂಬದಿಂದ ಕಲ್ಲಿನ ಪಕ್ಕೆಗಳು ಎದ್ದು ಛಾವಣಿಯಾಗಿ ಹರಡಿಕೊಳ್ಳುವ ಕೋಣೆ ಅದು. ಅದರ ಕೆಳಗೆ ಅವಳು, ತೂತು ಬಾಯಿಯಲ್ಲಿ.

ನೀಲಿ ಪಟ್ಟಿ ಧರಿಸಿದ ಗೈಡ್ ಒಬ್ಬಾಕೆ ಹತ್ತಿಪ್ಪತ್ತು ಜನರಿಗೆ ವಿವರಿಸುತ್ತಿದ್ದಳು. ಸಾವಿರದ ಆರುನೂರ ನಲವತ್ತಮೂರರ ಅಂತರ್ಯುದ್ಧದಲ್ಲಿ, ಮೂರ್ತಿಗಳನ್ನು ಸಹಿಸದ ಸೈನಿಕರು ಗುಂಡು ಹಾರಿಸಿ ಅವಳ ಬಾಯಿ ಒಡೆದರಂತೆ. ಎಷ್ಟು ಚೆನ್ನಾಗಿ ಹೇಳಿದಳೆಂದರೆ ಜನ ನಿಟ್ಟುಸಿರಿಟ್ಟರು. ನಾನೂ ತಲೆಯಾಡಿಸಿ ಮನೆಗೆ ಹೋಗಬಹುದಿತ್ತು. ಮುನ್ನೂರೈವತ್ತು ವರ್ಷದ ಹಿಂದಿನ ಸೈನಿಕರು ನಿನ್ನ ತಪ್ಪನ್ನೂ ನನ್ನ ತಪ್ಪನ್ನೂ ಹೊತ್ತುಕೊಳ್ಳುತ್ತಿದ್ದರು.

"ಅಲ್ಲ" ಎಂದೆ. "ಇದು ಸೈನಿಕರು ಮಾಡಿದ್ದಲ್ಲ. ಎರಡು ವರ್ಷದ ಹಿಂದೆ, ಟೆಕ್ಸಸ್‌ನಲ್ಲಿ, ವಿದ್ಯುತ್ ಡ್ರಿಲ್ಲಿನಿಂದ ಆದದ್ದು. ಅಲ್ಲಿಗೆ ಹೋಗುವ ದಾರಿ ಮಾಡಿಕೊಟ್ಟವಳು ನಾನು. ಈ ಕಲ್ಲು ಸತ್ತಿದೆ ಎಂದು ಸುಳ್ಳು ಬರೆದವಳು."

ಗೈಡಿನ ಮುಖ ಕೆಂಪಾಯಿತು. ಮುಂದೆ ನಿಂತಿದ್ದ ಒಬ್ಬ ಅಜ್ಜಿ ಕೇಳಿದಳು: "ಯಾಕಮ್ಮ?"

"ನಾನು ಕೆತ್ತಿದ್ದೂ ಇಲ್ಲಿ ಇರಲಿ ಎಂದು."

ಅಜ್ಜಿ ಕೈಚೀಲವನ್ನು ನನ್ನ ಕಡೆಯ ತೋಳಿನಿಂದ ಆ ಕಡೆಯ ತೋಳಿಗೆ ಬದಲಾಯಿಸಿಕೊಂಡಳು.

ಡೀನ್ ಅವರ ಕಿವಿಗೆ ಇದು ಬಿದ್ದು ನಿನ್ನೆ ಪತ್ರ ಬಂದಿದೆ. ಪೆಟ್ಟಿಗೆಯ ಮೇಲಿನ ಬರಹವನ್ನು ತಿದ್ದುತ್ತಾರಂತೆ. ಯಾರು ಕೆತ್ತಿದರು ಎಂಬುದು ಯಾರಿಗೂ ಗೊತ್ತಿಲ್ಲ, ಯಾರು ಕೆಡಿಸಿದರು ಎಂಬುದಾದರೂ ಸರಿಯಾಗಿ ಇರಲಿ ಎನ್ನುತ್ತಾರೆ. ನನ್ನ ಹೆಸರು ಹಾಕಿ ಎಂದೆ. ಕೊರೆದವರು ಯಾರು ಎಂದು ಕೇಳಿದ್ದಾರೆ. ಹೆಸರು, ಊರು, ವರ್ಷ ಎಲ್ಲ ಬರುತ್ತದೆ. ನಿನ್ನ ವೀಸಾ ಇದೆ, ಹರ್ಷಿಣಿಯ ಕೆಲಸ ಇದೆ. ನೀನು ಬೇಡ ಎಂದರೆ "ಗೊತ್ತಿಲ್ಲ" ಎಂದು ಬರೆಯುತ್ತೇನೆ. ಇನ್ನೊಂದು ಸುಳ್ಳು ನನಗೆ ಭಾರವಲ್ಲ.

ಪದ್ಮಿನಿ


ಕ್ಯಾರಲ್ಟನ್
2 ಜುಲೈ 2001

ಅಕ್ಕ,

ನಿನ್ನ ಪತ್ರವನ್ನು ಹರ್ಷಿಣಿಗೆ ಕೊಟ್ಟೆ. ಇವತ್ತು ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಪೆನ್ನು ಕೇಳಿದಳು. ಇಂಗ್ಲಿಷಿನಲ್ಲಿ ನನ್ನ ಹೆಸರನ್ನು ಎಲ್ಲರೂ ತಪ್ಪಾಗಿ ಬರೆಯುತ್ತಾರಲ್ಲ, ಅದಕ್ಕೆ. ಒಳಗಿರುವ ಚೀಟಿ ಅವಳ ಕೈಬರಹ. ಸ್ಪೆಲ್ಲಿಂಗ್ ಹಾಗೇ ಇರಲಿ.

ಲಿಂಗರಾಜು